ದಾಟದ ಹೊಳೆಗೊಂದು ತೆಂಗಿನಕಾಯಿ

ನಮ್ಮ ಮನೆಯಲ್ಲಿ ನಗೆಪಾಟಲು ಆಗಲು ಮುಹೂರ್ತ ನೋಡಬೇಕಾಗಿಲ್ಲ. ಬೆಳಿಗ್ಗೆ ಮೀನಿನವಳ ಬುಟ್ಟಿ ಅಂಗಳಕ್ಕೆ ಇಳಿಯುವಷ್ಟು ಸಹಜವಾಗಿ ಒಂದಲ್ಲ ಒಂದು ಬಂದು ಇಳಿಯುತ್ತದೆ. ನಾನು ಕಾಲೇಜಿನ ದಿನಗಳಿಂದ ತಪ್ಪದೆ ದಿನಚರಿ ಬರೆದವಳು. ಧಾರವಾಡದಲ್ಲಿ ಗಣಿತ ಓದಿ ಪದವಿ ಪಡೆದು, ಅಂಕೋಲೆಯ ಹೈಸ್ಕೂಲಿನಲ್ಲಿ ಪಾಠ ಮಾಡಿ, ಈಗ ಕಾರವಾರದಲ್ಲಿ ನಿವೃತ್ತಳಾಗಿ ಮನೆ ನಡೆಸುತ್ತಿದ್ದೇನೆ. ನಮ್ಮ ಕೇರಿಯಲ್ಲಿ ಪದವಿ ಪಡೆದ ಮೊದಲ ಹೆಂಗಸು ನಾನು. ಇದನ್ನು ಬೇರೆಯವರು ಹೇಳಲಿ ಎಂದು ಕಾದರೆ ತಡವಾಗುತ್ತದೆ, ಆದ್ದರಿಂದ ನಾನೇ ಹೇಳಿಬಿಡುತ್ತೇನೆ.

ಈಚೆಗೆ ಮನೆಮನೆಗೂ ವಿಡಿಯೋ ಗೇಮ್ ಬಂದಿದೆ. ಮಕ್ಕಳು ಒಂದು ಕಡೆ ಸಿಕ್ಕಿಬಿದ್ದು ಅಳುತ್ತಾರೆ. ಎಷ್ಟು ಆಡಿದರೂ ದಾಟಲಾಗದ ಕಷ್ಟದ ಹಂತವನ್ನು ಬಿಟ್ಟು ಮುಂದಕ್ಕೆ ಹೋಗಲು ಆಟ ಅವಕಾಶ ಕೊಡಬೇಕೋ ಬೇಡವೋ ಎಂದು ತಂದೆತಾಯಂದಿರು ನನ್ನನ್ನು ಕೇಳುತ್ತಾರೆ. ಈ ವಿಷಯದಲ್ಲಿ ನಮ್ಮ ಮನೆಯಲ್ಲಿ ಪಂಚಾಯ್ತಿಯೇ ಆಗಿ, ತೀರ್ಪೂ ಬಂದಿದೆ. ತೀರ್ಪು ಕೊಟ್ಟವಳು ನಾನೇ. ಆದರೆ ಅಲ್ಲಿಗೆ ಹೋಗುವ ಮೊದಲು ಎರಡು ಹಳೆಯ ಸಂಗತಿ ಹೇಳಬೇಕು.

ಬಿಡುತ್ತ ಬಿಡುತ್ತ

ಎಂಬತ್ತರ ದಶಕದಲ್ಲಿ ಅಂಕೋಲೆಯ ಶಾಲೆಯಲ್ಲಿ ಪರೀಕ್ಷೆ ಶುರುವಾಗುವ ಮೊದಲು ನಾನು ಮಕ್ಕಳಿಗೆ ಹೇಳುತ್ತಿದ್ದ ಮಾತು ಒಂದೇ: "ಬಾರದ ಲೆಕ್ಕದ ಮೇಲೆ ಕೂತುಕೊಂಡು ಸಮಯ ಹಾಳು ಮಾಡಬೇಡಿ. ಬಿಟ್ಟು ಮುಂದೆ ಹೋಗಿ. ಆಮೇಲೆ ತಿರುಗಿ ಬನ್ನಿ." ಈ ಮಾತಿನಿಂದ ಎಷ್ಟೋ ಮಕ್ಕಳು ಪಾಸಾಗಿದ್ದಾರೆ. ನಮ್ಮ ಕಡೆ ಶಾಲೆಯ ಶಿಕ್ಷಕಿಗೆ ಅಕ್ಕೋರು ಎನ್ನುತ್ತಾರೆ. "ಅಕ್ಕೋರ ಮಂತ್ರ" ಎಂದು ಅದಕ್ಕೆ ಹೆಸರೂ ಬಿದ್ದಿತ್ತು.

ಒಂದು ವರ್ಷ ಕೇಣಿಯಿಂದ ಬರುವ ಒಬ್ಬ ಹುಡುಗ ಗಣಿತದ ಪರೀಕ್ಷೆಯಲ್ಲಿ ಎಲ್ಲರಿಗಿಂತ ಮೊದಲು ಎದ್ದು ಬಂದು ಉತ್ತರಪತ್ರಿಕೆಯನ್ನು ನನ್ನ ಮೇಜಿನ ಮೇಲಿಟ್ಟ. ತೆರೆದು ನೋಡಿದರೆ ಹೆಸರಿನ ಹೊರತು ಏನೂ ಇಲ್ಲ.

"ಎಂತದೋ ಇದು?" ಎಂದೆ.

"ನೀವು ಹೇಳಿದ ಹಾಗೇ ಮಾಡಿದೆ ಅಕ್ಕೋರೇ. ಮೊದಲನೇದು ಬರಲಿಲ್ಲ, ಬಿಟ್ಟೆ. ಎರಡನೇದೂ ಬರಲಿಲ್ಲ, ಬಿಟ್ಟೆ. ಹಾಗೇ ಬಿಡುತ್ತ ಬಿಡುತ್ತ ಹೋದೆ. ಕೊನೆ ಬಂದೇಬಿಡ್ತು!"

"ತಿರುಗಿ ಬಾ ಅಂತಲೂ ಹೇಳಿದ್ದೆನಲ್ಲ?"

"ಅದಕ್ಕೇ ಬಂದೆನಲ್ಲ ಅಕ್ಕೋರೇ, ನಿಮ್ಮ ಹತ್ತಿರ."

ಅರ್ಧ ಟಿಕೆಟ್

ಎರಡನೆಯ ಸಂಗತಿ ನಮ್ಮವರ ಸೋದರತ್ತೆಯದು. ನಮ್ಮವರೆಂದರೆ ನನ್ನ ಯಜಮಾನರು. ಅತ್ತೆ ಇರುವುದು ಕಾಳಿ ಹೊಳೆಯ ಆಚೆ ದಡದ ಚಿತ್ತಾಕುಲದಲ್ಲಿ. ಹಾಗಾಗಿ ಎಲ್ಲರಿಗೂ ಅವರು ಚಿತ್ತಾಕುಲದ ಅತ್ತೆ. ಗಟ್ಟಿ ದನಿ, ಗಟ್ಟಿ ಮಾತು. ಅವರು "ಕೂತುಕೊ" ಎಂದರೆ ನಮ್ಮವರು ಈಗಲೂ ಕುರ್ಚಿ ಇದೆಯೋ ಇಲ್ಲವೋ ನೋಡದೆ ಕೂರುತ್ತಾರೆ.

ಕಾಳಿಗೆ ಸೇತುವೆ ಆಗುವ ಮೊದಲು ಅತ್ತೆ ಕಾರವಾರಕ್ಕೆ ಬರುತ್ತಿದ್ದದ್ದು ದೋಣಿಯಲ್ಲಿ, ಇಲ್ಲವೇ ಲಾಂಚಿನಲ್ಲಿ. ಮದುವೆ ಮುಂಜಿಯಂಥ ಒಳ್ಳೆಯ ಕೆಲಸಕ್ಕೆ ಹೊರಟರೆ ನಡುಹೊಳೆಯಲ್ಲಿ ಒಂದು ತೆಂಗಿನಕಾಯಿ ಬಿಟ್ಟು ಕೈಮುಗಿಯುವುದು ಅವರ ಪದ್ಧತಿ. ಸೇತುವೆ ಆದ ಹೊಸತರಲ್ಲಿ ಒಮ್ಮೆ ಮದುವೆಗೆಂದು ಬಸ್ಸು ಹತ್ತಿದರು. ಚೀಲದ ತಳದಿಂದ ಕಾಯಿ ಹುಡುಕಿ ತೆಗೆಯುವಷ್ಟರಲ್ಲಿ ಬಸ್ಸು ಹೊಳೆ ದಾಟಿ ಈಚೆ ಬಂದಿತ್ತು.

"ನಿಲ್ಲಿಸೋ! ಹಿಂದೆ ಹೋಗು! ಹೊಳೆ ಬಿಟ್ಟುಹೋಯ್ತು!" ಎಂದು ಕೂಗಿದರು.

"ಅಜ್ಜೀ, ಹೊಳೆ ದಾಟಿ ಆಯ್ತು," ಎಂದ ಕಂಡಕ್ಟರ್.

"ದಾಟಿದ್ದು ನಿನ್ನ ಬಸ್ಸು. ಕಾಯಿ ಕೊಡದೇ ನಾ ಎಲ್ಲಿ ದಾಟಿದೆ?"

ಇಳಿದರು. ಸೇತುವೆಯ ಮೇಲೆ ನಡೆಯುತ್ತ ಹಿಂದೆ ಹೋದರು, ನಡುಹೊಳೆಗೆ ಕಾಯಿ ಬಿಟ್ಟರು, ಕೈಮುಗಿದರು. ಆಮೇಲೆ ಅಲ್ಲೇ ನಿಂತು ಮುಂದಿನ ಬಸ್ಸಿಗೆ ಕೈ ಅಡ್ಡ ಹಿಡಿದರು. ಆ ಬಸ್ಸಿನ ಕಂಡಕ್ಟರ್ ಟಿಕೆಟ್ ಹರಿಯುವಾಗ ಅತ್ತೆ ಹೇಳಿದರಂತೆ: "ಅರ್ಧ ಟಿಕೆಟ್ ಕೊಡು ಮಾರಾಯಾ. ಅರ್ಧ ಹೊಳೆ ನಾನೇ ನಡೆದು ಮುಗಿಸಿದ್ದೇನೆ."

ಅಳುವ ರಾಣಿ

ಇನ್ನು ಆಟದ ವಿಷಯ. ತೊಂಬತ್ತರ ದಶಕದ ನಡುವಿನ ಒಂದು ಬೇಸಿಗೆ. ಹಡಗಿನಲ್ಲಿ ಕೆಲಸ ಮಾಡುವ ನನ್ನ ಮಗ ರಜೆಗೆ ಬಂದವನು ಮಗಳಿಗೆಂದು ಒಂದು ವಿಡಿಯೋ ಗೇಮ್ ತಂದು, ಟಿ.ವಿ.ಗೆ ಜೋಡಿಸಿಕೊಟ್ಟು ಹಡಗಿಗೆ ಮರಳಿದ. ಒಂದು ಡಬ್ಬ, ಅದರೊಳಗೆ ತುರುಕುವ ಒಂದು ಕ್ಯಾಸೆಟ್, ಉದ್ದ ವಯರಿನ ತುದಿಗೆ ಗುಂಡಿಗಳಿರುವ ಒಂದು ರಿಮೋಟ್. ಮನೆಯಲ್ಲಿ ಉಳಿದವರು ನಾನು, ನಮ್ಮವರು, ಬ್ಯಾಂಕಿನಲ್ಲಿ ಕೆಲಸಕ್ಕಿರುವ ಸೊಸೆ ಮತ್ತು ಐದನೇ ತರಗತಿ ಮುಗಿಸಿದ ಮೊಮ್ಮಗಳು. ಅದೇ ವಾರ ಚಿತ್ತಾಕುಲದ ಅತ್ತೆಯೂ ಬಂದರು. ಅವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಒಂದನ್ನು ಸೋಮವಾರ ಕಾರವಾರದಲ್ಲೇ ಆಪರೇಷನ್ ಮಾಡುವುದು ಎಂದು ಗೊತ್ತಾಗಿತ್ತು. ಡಾಕ್ಟರು ಹೊರಗಿನಿಂದ ಬಂದು ಮಳೆ ಬೀಳುವ ತನಕ ಇರುವವರು, ಆಪರೇಷನ್ನಿಗೆ ಸೋಮವಾರವೇ ಕಡೆಯ ದಿನ. ಈ ಸಲ ತಪ್ಪಿದರೆ ಮಳೆಗಾಲ ಮುಗಿಯುವ ತನಕ ಬರುವುದಿಲ್ಲ, ಅಲ್ಲಿಯವರೆಗೆ ಬಿಟ್ಟರೆ ಕಣ್ಣು ಉಳಿಯುವ ಭರವಸೆ ಇಲ್ಲ ಎಂದಿದ್ದರು.

ಆಟದ ಕಥೆ ಇಷ್ಟೇ. ಒಬ್ಬ ರಾಕ್ಷಸ ರಾಣಿಯನ್ನು ಹೊತ್ತುಕೊಂಡು ಹೋಗಿ ಕೋಟೆಯಲ್ಲಿ ಕೂಡಿಹಾಕುತ್ತಾನೆ. ಕೋಲು ಹಿಡಿದ ಒಬ್ಬ ಗಿಡ್ಡ ಮನುಷ್ಯ ಆರು ಹಂತ ದಾಟಿ ಹೋಗಿ ಅವಳನ್ನು ಬಿಡಿಸಬೇಕು. ಅವನು ಸತ್ತಾಗಲೆಲ್ಲ ಟಿ.ವಿ. ತುಂಬ ರಾಣಿಯ ಮುಖ ಬರುತ್ತದೆ. ಕಿಟಕಿಯ ಸರಳು ಹಿಡಿದುಕೊಂಡು, ಪೀಪಿ ಊದಿದ ಹಾಗೆ ಸದ್ದು ಮಾಡುತ್ತ ಅಳುತ್ತಾಳೆ.

ಮೊದಲ ಸಂಜೆ ಮೊಮ್ಮಗಳು ಸೋತು, ಟಿ.ವಿ. ಆರಿಸಲು ಎದ್ದಳು.

"ಮುಟ್ಟಬೇಡ!" ಎಂದರು ಅತ್ತೆ. "ಅವಳನ್ನು ಅಳಿಸಿಟ್ಟು ಆರಿಸ್ತೀಯಾ?"

ನಮ್ಮವರಿಗೆ ತಕ್ಷಣ ಅರ್ಥವಾಯಿತು. ಅತ್ತೆಯ ಮನೆಯಲ್ಲಿ ಮಳೆಗಾಲವಿಡೀ ಪುರಾಣ ಓದಿಸುತ್ತಿದ್ದರು. ಕಥೆಯಲ್ಲಿ ಯಾರಾದರೂ ಕಷ್ಟದಲ್ಲಿರುವಾಗ ಪುಸ್ತಕ ಮುಚ್ಚಕೂಡದು, ಸ್ವಲ್ಪವಾದರೂ ಸುಖದ ಜಾಗ ಬರುವ ತನಕ ಓದಲೇಬೇಕು ಎಂಬುದು ಅಲ್ಲಿಯ ನೇಮ. ನಮ್ಮ ಕಡೆ ಹಲವು ಮನೆಗಳಲ್ಲಿ ಇದು ಉಂಟು. ಎಳವೆಯಲ್ಲಿ ನಮ್ಮವರೇ ಓದುವವರು. ಕಾಡುಪಾಲಾದ ಒಬ್ಬ ರಾಣಿಗೆ ನೆರಳು ಸಿಗುವ ತನಕ ಓದಿ ಓದಿ, ಊಟಕ್ಕೆ ಮಾಡಿಟ್ಟ ಗಂಜಿ ಆರಿ ಕಲ್ಲಾದದ್ದು ಅವರಿಗೆ ಇನ್ನೂ ನೆನಪಿದೆ.

"ಇದು ಪುರಾಣ ಅಲ್ಲ ಅತ್ತೆ, ಮಕ್ಕಳ ಆಟ," ಎಂದೆ.

"ಅಳುವವಳಿಗೆ ಅದು ಗೊತ್ತುಂಟಾ?" ಎಂದರು.

ಮೊಮ್ಮಗಳು ಮತ್ತೆ ಆಟ ಶುರುಮಾಡಿ, ಗಿಡ್ಡನನ್ನು ಒಂದು ಕಡೆ ಕ್ಷೇಮವಾಗಿ ನಿಲ್ಲಿಸಿ, ಆಟ ತಡೆಯುವ ಗುಂಡಿ ಒತ್ತಿದಳು. ಟಿ.ವಿ. ಹಾಗೇ ಉರಿಯುತ್ತಿತ್ತು. ನಮ್ಮವರ ವಾರ್ತೆ ಹೋಯಿತು. ಸೊಸೆಯ ಧಾರಾವಾಹಿ ಹೋಯಿತು. ಅಷ್ಟರಲ್ಲಿ ಕರೆಂಟ್ ಹೋಗಿ ಬಂತು. ಕರೆಂಟ್ ಹೋದರೆ ಈ ಆಟ ಮೊದಲಿನಿಂದ ಶುರು, ರಾಕ್ಷಸ ರಾಣಿಯನ್ನು ಹೊತ್ತುಕೊಂಡು ಹೋಗುವಲ್ಲಿಂದ.

ಅತ್ತೆ ಹಣೆ ಹಣೆ ಬಡಿದುಕೊಂಡರು: "ಬಿಡಿಸುವವನು ಒಬ್ಬನೂ ಇಲ್ಲ, ಹೊತ್ತುಕೊಂಡು ಹೋಗಲಿಕ್ಕೆ ರಾಕ್ಷಸನೂ ಉಂಟು, ಕರೆಂಟಿನವರೂ ಉಂಟು!"

ಬಂತು ದೋಣಿ

ಮೊದಲ ಮೂರು ಹಂತ ಮೊಮ್ಮಗಳಿಗೆ ಸಲೀಸು. ನಾಲ್ಕನೆಯದು ಹೊಳೆ. ನೀರಿನಲ್ಲಿ ಕಂದು ಬಣ್ಣದ ಮರದ ದಿಮ್ಮಿಗಳು ತೇಲಿಬರುತ್ತವೆ. ನಡುನಡುವೆ ಹಸಿರು ಮೊಸಳೆಗಳು. ದಿಮ್ಮಿಯಿಂದ ದಿಮ್ಮಿಗೆ ಹಾರಿ ಆಚೆ ದಡ ಸೇರಬೇಕು. ಮೊಸಳೆಯ ಮೇಲೆ ಬಿದ್ದರೆ ಗುಳುಂ.

ಹೊಳೆ ಕಂಡದ್ದೇ ಅತ್ತೆಗೆ ಹುರುಪು ಬಂತು. ಗುಡ್ಡ, ಗುಹೆ ಬಂದಾಗ ಸುಮ್ಮನೆ ಜಪಮಾಲೆ ಎಣಿಸುತ್ತಿದ್ದವರು ಕುರ್ಚಿಯ ತುದಿಗೆ ಬಂದು ಕೂತರು. "ಬಂತು ದೋಣಿ! ಹತ್ತು, ಹತ್ತು! ಅಯ್ಯೋ ಹೋಯ್ತು! ಇಗೋ ಇನ್ನೊಂದು ಬಂತು, ಈಗ ಹಾರು!" ಹೊಳೆ ದಾಟುವುದು ಯಾವಾಗ ಎಂದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ದಿಮ್ಮಿಯನ್ನೇ ದೋಣಿ ಎನ್ನುತ್ತಿದ್ದಾರೆ ಎಂದುಕೊಂಡೆವು. ಅವರು "ಹಾರು" ಎಂದಾಗ ಮೊಮ್ಮಗಳ ಬೆರಳು ತಾನಾಗಿ ಗುಂಡಿ ಒತ್ತುತ್ತಿತ್ತು. ಗುಳುಂ. ಪೀಪಿ. ಅಳುವ ರಾಣಿ.

ನಮ್ಮವರು ಮುಂದೆ ಬಂದರು. ಲೋಕೋಪಯೋಗಿ ಇಲಾಖೆಯಲ್ಲಿ ಇಡೀ ನೌಕರಿ ಮಾಡಿ ಮೋರಿ, ಕಿರುಸೇತುವೆ ಕಟ್ಟಿಸಿದವರು. "ಹೊಳೆ ಅಂದರೆ ನನಗೆ ಬಿಡಿ," ಎಂದು ರಿಮೋಟ್ ಹಿಡಿದರು. ಗಿಡ್ಡ ಹಾರುವಾಗ ಅವರೂ ಕುರ್ಚಿಯಿಂದ ಸ್ವಲ್ಪ ಏಳುತ್ತಿದ್ದರು. ಅತ್ತೆ ಕೂಗುವುದು, ಇವರು ಹಾರುವುದು, ಮೊಸಳೆ ನುಂಗುವುದು. ಸಂಜೆಯ ತನಕ ಅದೇ.

ಸೊಸೆ ಬ್ಯಾಂಕಿನಿಂದ ಬಂದವಳು ಬಾಗಿಲಲ್ಲೇ ನಿಂತು ನೋಡಿ ಕೇಳಿದಳು: "ಮಾವಾ, ಇದು ರಾಣಿಯನ್ನು ಬಿಡಿಸುವ ಆಟವೋ, ಮೊಸಳೆಗೆ ಊಟ ಹಾಕುವ ಆಟವೋ?"

ಕ್ರಮಕ್ಕೆ ಅಂಕ

ಶನಿವಾರ ಬೆಳಿಗ್ಗೆ ಅತ್ತೆ ಕಾಫಿ ಕುಡಿಯುತ್ತ ಸ್ಪಷ್ಟವಾಗಿ ಹೇಳಿದರು: "ಆ ರಾಣಿ ಹೊರಗೆ ಬರದೇ ನಾ ಕಣ್ಣು ಕಟ್ಟಿಸಿಕೊಳ್ಳುವವಳಲ್ಲ. ಪಟ್ಟಿ ಕಟ್ಟುವ ಮೊದಲು ನಾ ನೋಡಿದ ಕಡೇ ಹೆಂಗಸು ಅಳುವವಳಾದರೆ, ಪಟ್ಟಿ ಬಿಚ್ಚಿದ ಮೇಲೂ ಅದೇ ಕಾಣುವುದು."

ನಾವು ನಕ್ಕೆವು. ಅವರು ನಗಲಿಲ್ಲ. ಚೀಲ ತಂದು ಸೀರೆ ತುಂಬಲು ಶುರುಮಾಡಿದರು, ಚಿತ್ತಾಕುಲಕ್ಕೆ ಹೊರಡಲು. ನಮ್ಮವರ ಮುಖ ಸಣ್ಣದಾಯಿತು. ತಾಯಿ ಬೇಗ ತೀರಿಹೋದ ಇವರನ್ನು ಸಾಕಿದವರು ಈ ಅತ್ತೆಯೇ. ಇವರು ಒಳಗೆ ಬಂದು, "ಏನಾದರೂ ಮಾಡು. ಅವರ ಕಣ್ಣು ಹೋದರೆ ನಾನು ಯಾವ ಮುಖ ಇಟ್ಟುಕೊಂಡು ಅವರೆದುರು ನಿಲ್ಲಲಿ?" ಎಂದರು.

ನಾನು ಸೆರಗು ಸಿಕ್ಕಿಸಿ ಟಿ.ವಿ. ಮುಂದೆ ಕೂತೆ. ಮೊದಲು ಆಡಲಿಲ್ಲ, ನೋಡಿದೆ. ದಿಮ್ಮಿಗಳು ಬರುವುದರಲ್ಲಿ ಒಂದು ಕ್ರಮ ಇತ್ತು. ಎರಡು ಹತ್ತಿರ ಹತ್ತಿರ, ಆಮೇಲೆ ಮೊಸಳೆ, ಆಮೇಲೆ ಒಂದು ದೂರದಲ್ಲಿ. ಕಾಗದದ ಮೇಲೆ ಗೆರೆ ಎಳೆದು ಯಾವಾಗ ಹಾರಬೇಕೆಂದು ಲೆಕ್ಕ ಹಾಕಿದೆ. ಆ ಲೆಕ್ಕ ಇಂದಿಗೂ ಸರಿಯಾಗಿದೆ, ಯಾರು ಬೇಕಾದರೂ ಪರೀಕ್ಷಿಸಬಹುದು.

ರಿಮೋಟ್ ಹಿಡಿದೆ. ಒಂದನೆಯ ದಿಮ್ಮಿ, ಎರಡನೆಯ ದಿಮ್ಮಿ. ಈಗ ತಡೆಯಬೇಕು, ಮೊಸಳೆ ಹೋಗಲಿ ಎಂದು ಬೆರಳು ಎತ್ತಿ ಹಿಡಿದಿದ್ದೆ. ಕಿವಿಯ ಹತ್ತಿರವೇ ಅತ್ತೆಯ ದನಿ ಸಿಡಿಯಿತು: "ಅಕ್ಕೋರೇ, ಬಂತು ದೋಣಿ! ಹಾರೇ!"

ಗುಳುಂ.

ನಮ್ಮವರು ನಿಧಾನವಾಗಿ ಹೇಳಿದರು: "ಉತ್ತರ ತಪ್ಪು."

"ಉತ್ತರ ತಪ್ಪಾಗಿರಬಹುದು," ಎಂದೆ ನಾನು. "ಕ್ರಮಕ್ಕೆ ಪೂರ್ತಿ ಅಂಕ."

ಮುಳ್ಳು ಬಿಟ್ಟು ಮೀನು

ಭಾನುವಾರ ಮಗ ಹಡಗು ನಿಂತ ಬಂದರಿನಿಂದ ಫೋನು ಮಾಡಿದ. ಅವನು ಹಲೋ ಎನ್ನುವ ಮೊದಲೇ ಅವನ ಅಪ್ಪ, "ನಾಲ್ಕನೇ ಹಂತ ದಾಟುವುದು ಹೇಗೋ?" ಎಂದು ಕೂಗಿದರು.

"ನಾಲ್ಕನೆಯದಾ? ಅದು ಸುಲಭ ಅಪ್ಪಾ. ಐದನೆಯದು ಕಷ್ಟ. ಹಡಗಿನಲ್ಲಿ ನಾಲ್ಕನೆಯದನ್ನು ಎಲ್ಲರೂ ಹಾಡು ಹೇಳಿಕೊಂಡು ದಾಟುತ್ತಾರೆ."

"ಇಲ್ಲಿ ನಾವೆಲ್ಲ ಪ್ರಾಣ ಬಿಡುತ್ತಿದ್ದೇವೆ."

ಅವನು ನಕ್ಕು ಒಂದು ಉಪಾಯ ಹೇಳಿದ. ಆಟ ಶುರುವಾಗುವ ಮೊದಲು ಎರಡು ಗುಂಡಿ ಒಟ್ಟಿಗೆ ಒತ್ತಿ ಹಿಡಿದರೆ, ಯಾವ ಹಂತದಿಂದ ಬೇಕೋ ಅಲ್ಲಿಂದ ಶುರು ಮಾಡಬಹುದು. ಆಟ ಮಾಡಿದವರೇ ಇಟ್ಟ ಕಳ್ಳದಾರಿ.

ಫೋನು ಇಟ್ಟದ್ದೇ ಪಂಚಾಯ್ತಿ ಶುರು.

"ನಾನು ಒಲ್ಲೆ," ಎಂದಳು ಮೊಮ್ಮಗಳು. "ಅದು ಮೋಸ. ದಾಟದೇ ದಾಟಿದೆ ಅಂತ ಹೇಗೆ ಹೇಳುವುದು?"

"ಮೋಸ ಎಂತದು?" ಎಂದರು ನಮ್ಮವರು. "ಸರ್ಕಾರ ಕಾಳಿಗೆ ಸೇತುವೆ ಕಟ್ಟಿತು. ಅದರ ಮೇಲೆ ಹೋಗುವವರೆಲ್ಲ ಮೋಸಗಾರರಾ?"

ಸೊಸೆ ಬಂಗಡೆ ಮೀನು ಹೆಚ್ಚುತ್ತಿದ್ದವಳು ಅಡಿಗೆಮನೆಯಿಂದಲೇ ಹೇಳಿದಳು: "ಮೀನು ತಿನ್ನುವವರು ಮುಳ್ಳು ಬಿಟ್ಟೇ ತಿನ್ನುವುದು. ಮುಳ್ಳು ಅಗಿದವನೇ ಶೂರ ಅಂತ ಯಾರೂ ಹೇಳುವುದಿಲ್ಲ."

"ಆದರೆ ನೀನೇ ಮುಳ್ಳು ಬಿಡಿಸಿ ಬಾಯಿಗೆ ಹಾಕಿದರೆ ನನಗೆ ಮೀನು ತಿನ್ನಲಿಕ್ಕೆ ಬರುವುದು ಯಾವಾಗ ಅಮ್ಮಾ?"

ನನ್ನ ಮೊಮ್ಮಗಳು ಎಂದು ಹೇಳುವುದಲ್ಲ, ಮಾತು ತೂಕದ್ದು. ಎಲ್ಲರೂ ನನ್ನ ಕಡೆ ನೋಡಿದರು.

ನಾನು ತೀರ್ಪು ಕೊಟ್ಟೆ. ಬಿಟ್ಟುಹೋಗುವ ದಾರಿ ಆಟದಲ್ಲಿ ಇರಲೇಬೇಕು. ಇಡೀ ಮನೆ ಒಂದು ಹೊಳೆಯ ದಡದಲ್ಲಿ ಕೂತು ಅತ್ತರೆ ಯಾರೂ ಜಾಣರಾಗುವುದಿಲ್ಲ. ಮುಂದಿನ ಹಂತ ನೋಡಿದವನಿಗೆ ಹಿಂದಿನದನ್ನು ದಾಟುವ ಧೈರ್ಯ ಬರುವುದೂ ಉಂಟು. ಆದರೆ ಮೂರು ಷರತ್ತು. ಮನಸ್ಸಿಟ್ಟು ಪ್ರಯತ್ನ ಮಾಡಿದ ಮೇಲೆಯೇ ಬಿಡಬೇಕು. ಬಿಟ್ಟದ್ದನ್ನು ದಾಟಿದೆ ಎಂದು ಊರಲ್ಲಿ ಹೇಳಿಕೊಂಡು ತಿರುಗಬಾರದು. ಮತ್ತು ಮುಖ್ಯವಾಗಿ, ಆಮೇಲೆ ತಿರುಗಿ ಬರಬೇಕು. ಶಾಲೆಯಲ್ಲಿ ಇಷ್ಟು ವರ್ಷ ಹೇಳಿದ್ದೂ ಇದನ್ನೇ. ಬಿಡುವುದು ಸೋಲಲ್ಲ, ತಿರುಗಿ ಬರದೇ ಇರುವುದು ಸೋಲು.

ಮೊಮ್ಮಗಳು ಯೋಚಿಸಿ ಒಪ್ಪಿದಳು. ಅತ್ತೆ ಮಾತ್ರ ತಲೆ ಆಡಿಸಿದರು. "ಹೊಳೆ ತಪ್ಪಿಸಿ ಹೋದವನ ಸಂಗಡ ಆ ರಾಣಿ ಬರ್ತಾಳಾ?"

"ಬರ್ತಾಳೆ ಅತ್ತೆ," ಎಂದೆ. "ಕೋಟೆಯೊಳಗೆ ಕೂತವಳಿಗೆ ಹೊಳೆ ಕಾಣುವುದಿಲ್ಲ."

ಅತ್ತೆ ಕೇಳಿದರು: "ಹಾಗಾದರೆ ಮನೇಲಿ ತೆಂಗಿನಕಾಯಿ ಉಂಟಾ? ದಾಟದ ಹೊಳೆಗೆ ಎರಡು ಪಾಲು ಮರ್ಯಾದೆ ಕೊಡಬೇಕು."

ಟಿ.ವಿ.ಯ ಮುಂದೆ ಜುಟ್ಟಿರುವ ಕಾಯಿ ಇಟ್ಟು, ಗಿಡ್ಡನ ಪರವಾಗಿ ಕೈಮುಗಿದೆವು. ಅಷ್ಟರಲ್ಲಿ ಪಕ್ಕದ ಮನೆಯವರು ಸಕ್ಕರೆ ಕೇಳಲು ಬಂದವರು ನೋಡಿ, ಏನೂ ಕೇಳದೆ ಚಪ್ಪಲಿ ಕಳಚಿ ತಾವೂ ಕೈಮುಗಿದು ಹೋದರು. ಯಾವ ದೇವರು ಎಂದು ಇವತ್ತಿನ ತನಕ ವಿಚಾರಿಸಿಲ್ಲ.

ಕುಂಕುಮ

ಐದನೆಯ ಹಂತ ಒಣಭೂಮಿ. ಬೆಂಕಿ ಉಗುಳುವ ಬಂಡೆಗಳು. ಮಗ ಕಷ್ಟ ಎಂದಿದ್ದು ಇದನ್ನೇ. ಅತ್ತೆ ಹೊಳೆಯಿಲ್ಲದ ಜಾಗದಲ್ಲಿ ತಮಗೇನು ಕೆಲಸ ಎಂಬಂತೆ ಮತ್ತೆ ಜಪಮಾಲೆ ಹಿಡಿದರು. ಮೊಮ್ಮಗಳು ಸ್ವಲ್ಪ ಹೊತ್ತಿನಲ್ಲೇ ದಾಟಿದಳು. ಆರನೆಯದು ಕೋಟೆ. ಅದೂ ಆಯಿತು. ಬಾಗಿಲು ತೆರೆಯಿತು, ರಾಣಿ ಹೊರಗೆ ಬಂದಳು, ಟಿ.ವಿ. ತುಂಬ ಅವಳ ನಗುಮುಖ. ಪೀಪಿಯ ಬದಲು ಗಂಟೆಯ ಸದ್ದು.

"ಬಂದಳಾ?" ಎಂದರು ಅತ್ತೆ.

"ಬಂದಳು ದೊಡ್ಡಜ್ಜೀ, ನಗುತ್ತಿದ್ದಾಳೆ!"

ಅತ್ತೆಯ ಕಣ್ಣಲ್ಲಿ ನೀರು ಬಂತು. ಎದ್ದು ದೇವರ ಮುಂದಿನ ಕುಂಕುಮದ ಬಟ್ಟಲು ತಂದರು. "ಕಷ್ಟ ಕಳೆದು ಬಂದ ಹೆಂಗಸನ್ನು ಬರಿ ಹಣೆಯಲ್ಲಿ ಕಳಿಸಬಾರದು," ಎಂದು ಗಾಜಿನ ಮೇಲೆ, ರಾಣಿಯ ಹಣೆ ಎಲ್ಲಿದೆಯೆಂದು ನಮ್ಮನ್ನು ಕೇಳಿ ಕೇಳಿ, ಎಣ್ಣೆ ಬೆರೆಸಿ ಗಟ್ಟಿಯಾಗಿ ಒಂದು ಬೊಟ್ಟು ಒತ್ತಿದರು. ಆಮೇಲೆ, "ಈಗ ಆರಿಸು. ಸುಖದಲ್ಲಿ ಆರಿಸು," ಎಂದರು.

ಎಷ್ಟೋ ದಿನದ ಮೇಲೆ ನಮ್ಮವರು ವಾರ್ತೆ ಹಾಕಿಕೊಂಡು ಕೂತರು. ಕೋಟು, ಟೈ ಹಾಕಿ, ದಪ್ಪ ಮೀಸೆ ಬಿಟ್ಟ ವಾರ್ತೆಯವರು ಹಣೆಯ ತುಂಬ ಕುಂಕುಮ ಇಟ್ಟುಕೊಂಡು ದೆಹಲಿಯ ಸುದ್ದಿ ಓದಿದರು. ಒರೆಸಲು ಹೋದ ಸೊಸೆಯನ್ನು ಅತ್ತೆ ತಡೆದರು: "ಇರಲಿ ಬಿಡೇ. ಅವನಿಗೂ ಹೆಂಡತಿ ಇದ್ದಾಳು, ಒಳ್ಳೇದಾಗಲಿ."

ಹೊಸ ಕಣ್ಣು

ಸೋಮವಾರ ಅತ್ತೆ ಜಂಬದಿಂದಲೇ ಆಸ್ಪತ್ರೆಗೆ ಹೊರಟರು. ಹೋಗುವ ದಾರಿಯಲ್ಲಿ ಹೊಳೆದಂಡೆಯ ಕೋಡಿಬಾಗಕ್ಕೆ ರಿಕ್ಷಾ ತಿರುಗಿಸಿ, ಟಿ.ವಿ. ಮುಂದೆ ಇಟ್ಟ ಕಾಯಿಯನ್ನು ಕಾಳಿಗೆ ಬಿಟ್ಟರು. ಆಪರೇಷನ್ ಚೆನ್ನಾಗಿ ಆಯಿತು. ಕೆಲವು ದಿನ ಅಲ್ಲೇ ಇರಿಸಿಕೊಂಡರು.

ಮನೆಯಲ್ಲಿ ನಾನು ಷರತ್ತು ನೆನಪಿಸಿದೆ: ತಿರುಗಿ ಬರಬೇಕು. ಮೊಮ್ಮಗಳು ನಾಲ್ಕನೆಯ ಹಂತ ಹಾಕಿದಳು. ಆಶ್ಚರ್ಯ! ಮೊದಲ ಸಲಕ್ಕೇ ದಾಟಿಬಿಟ್ಟಳು. ನಮ್ಮವರೂ ದಾಟಿದರು. ನಾನು ನನ್ನ ಲೆಕ್ಕದ ಪ್ರಕಾರ ಆಡಿ ಆರಾಮಾಗಿ ದಾಟಿದೆ. ಕಾರಣ ನನಗೆ ಸ್ಪಷ್ಟವಿತ್ತು. ಅವತ್ತಿನ ದಿನಚರಿಯಲ್ಲಿ ಕೆಳಗೆ ಗೆರೆ ಎಳೆದು ಬರೆದೆ: "ಬಿಟ್ಟುಹೋಗಿ ತಿರುಗಿ ಬಂದವನಿಗೆ ಕಷ್ಟವೇ ಸುಲಭವಾಗುತ್ತದೆ. ನನ್ನ ಸಿದ್ಧಾಂತ ಸಿದ್ಧವಾಯಿತು."

ಅತ್ತೆ ಕಪ್ಪು ಕನ್ನಡಕದಲ್ಲಿ ಮನೆಗೆ ಬಂದರು. ಕೆಲವು ವಾರದ ಮೇಲೆ ಡಾಕ್ಟರು ದಪ್ಪ ಗಾಜಿನ ಹೊಸ ಕನ್ನಡಕ ಕೊಟ್ಟರು. ಅದನ್ನು ಹಾಕಿಕೊಂಡು ಮನೆಯೆಲ್ಲ ತಿರುಗಿದರು. ಗೋಡೆಯ ಮೂಲೆಯ ಜೇಡನ ಬಲೆ ತೋರಿಸಿ ನನಗೆ ಬೈದರು. ನಮ್ಮವರನ್ನು ಹತ್ತಿರ ಕರೆದು, "ಎಷ್ಟು ಮುದುಕ ಆಗಿದ್ದೀಯೋ ತಮಾ!" ಎಂದು ಕೆನ್ನೆ ಸವರಿದರು. ನಮ್ಮವರು ಆ ಕಡೆ ತಿರುಗಿ ಮೂಗು ಒರೆಸಿಕೊಂಡರು.

ಮೊಮ್ಮಗಳು ಕುಣಿಯುತ್ತ, "ದೊಡ್ಡಜ್ಜೀ, ಹೊಳೆ ದಾಟಿದೆ, ಈಗ ತೋರಿಸ್ತೇನೆ ಬನ್ನಿ," ಎಂದು ಆಟ ಹಾಕಿದಳು. ಅತ್ತೆ ಹಳೆಯ ಜಾಗದಲ್ಲೇ ಕೂತರು. ಹೊಳೆ ಬಂತು. ಅತ್ತೆ ಕೂಗಲು ಬಾಯಿ ತೆರೆದರು. ತೆರೆದ ಬಾಯಿ ಹಾಗೇ ನಿಂತಿತು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು, ಮತ್ತೆ ಹಾಕಿಕೊಂಡರು, ಟಿ.ವಿ.ಗೆ ಮೂಗು ತಾಗುವಷ್ಟು ಹತ್ತಿರ ಹೋದರು.

"ಇದು ಎಂತದೇ ತಂಗೀ," ಎಂದರು, ಮೊಸಳೆಯ ಮೇಲೆ ಬೆರಳಿಟ್ಟು. "ದೋಣಿಗೆ ಹಲ್ಲು?"

ಮೊಮ್ಮಗಳು ಆಟ ತಡೆಯುವ ಗುಂಡಿ ಒತ್ತಿದಳು.

"ಅದು... ಅದು ಮೊಸಳೆ ದೊಡ್ಡಜ್ಜೀ. ದೋಣಿ ಅಲ್ಲ."

"ಉದ್ದಕ್ಕೆ, ಹಸಿರಿಗೆ, ಮುಂದೆ ಮೂತಿ ಎತ್ತಿಕೊಂಡು ಬರ್ತಿತ್ತಲ್ಲ? ನಮ್ಮ ಊರಿನ ದೋಣಿ ಹಾಗೇ ಇರುವುದು. ಮತ್ತೆ ಆ ಕಂದು ಬಣ್ಣದ್ದು?"

"ಅದು ಮ​ರದ ದಿಮ್ಮಿ. ಅದರ ಮೇಲೆ ಹಾರಬೇಕು."

"ನಾ ಅದನ್ನೇ ಮೊಸಳೆ ಅಂದುಕೊಂಡಿದ್ದೆ!"

ಆಗ ನಮಗೆಲ್ಲ ಒಟ್ಟಿಗೇ ಹೊಳೆಯಿತು. ಆ ಇಡೀ ವಾರ ಅತ್ತೆ ಮೊಸಳೆ ಬಂದಾಗ "ಹಾರು" ಎಂದು ಕೂಗಿದ್ದಾರೆ, ನಾವು ಸಾಲಾಗಿ ಅದರ ಬಾಯಿಗೆ ಹಾರಿದ್ದೇವೆ. ಹಡಗಿನವರಿಗೆ ಸುಲಭವಾದ ಹೊಳೆ ನಮಗೆ ಕಷ್ಟವಾದದ್ದು ಇದಕ್ಕೆ. ಸೊಸೆ ನಗುವನ್ನು ತಡೆಯಲಾರದೆ ಗೋಡೆ ಹಿಡಿದಳು. ನನ್ನ ಲೆಕ್ಕ ಮೊದಲಿನಿಂದಲೂ ಸರಿಯಿತ್ತು ಎಂದು ನಾನು ಎಲ್ಲರಿಗೂ ತಿಳಿಸಿದೆ.

ಇನ್ನೊಬ್ಬರಾಗಿದ್ದರೆ ನಾಚಿಕೊಳ್ಳುತ್ತಿದ್ದರು. ಅತ್ತೆ ಕನ್ನಡಕ ಮೂಗಿನ ಮೇಲೆ ಸರಿಮಾಡಿಕೊಂಡು ಮೊದಲು ನಮ್ಮವರನ್ನು, ಆಮೇಲೆ ನನ್ನನ್ನು ನಿಧಾನವಾಗಿ ನೋಡಿದರು.

"ತಮಾ, ನನಗಂತೂ ಕಣ್ಣು ಕಾಣ್ತಿರಲಿಲ್ಲ. ನೀನು ಯಾಕೋ ಹಾರಿದೆ?"

ನಮ್ಮವರು ತಲೆ ತಗ್ಗಿಸಿದರು. "ನೀವು ಹಾರು ಅಂದಿರಲ್ಲ ಅತ್ತೆ..."

"ಡಿಗ್ರಿ ಓದಿದ ಅಕ್ಕೋರೂ ಹಾರಿದರು," ಎಂದು ಅತ್ತೆ ನಿಟ್ಟುಸಿರು ಬಿಟ್ಟು ಸೊಸೆಯ ಕಡೆ ತಿರುಗಿದರು. "ಮಗಾ, ಆ ಡಾಕ್ಟರು ಊರಿಗೆ ಹೋಗುವ ಮೊದಲು ಇವರಿಬ್ಬರನ್ನೂ ಒಮ್ಮೆ ತೋರಿಸಿಬಿಡು. ನನಗಿಂತ ಇವರದೇ ಪೊರೆ ದಪ್ಪ ಉಂಟು."